ಜನಜಂಗುಳಿಯ ಮೇಲೆ ಡ್ರೋನ್: ದಂಡಕ್ಕೂ ಮೊದಲು ಸಾಕ್ಷ್ಯ

ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ತೇರನ್ನೇರಿ ಬಿಡ್ಕಿಬೈಲಿನ ಗದ್ದುಗೆಗೆ ಹೊರಡುವ ಬೆಳಿಗ್ಗೆ, ಆ ದಾರಿಯ ಎರಡೂ ಬದಿಯಲ್ಲಿ ನಿಂತ ಜನರಿಗೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಲೂ ಜಾಗವಿರುವುದಿಲ್ಲ. ಗೋಕರ್ಣದ ಶಿವರಾತ್ರಿಯ ಮಹಾರಥೋತ್ಸವದಲ್ಲೂ ಅಷ್ಟೇ, ಕಾರವಾರದ ಕಡಲತೀರದಲ್ಲಿ ಕರಾವಳಿ ಉತ್ಸವ ನಡೆದಾಗಲೂ ಅಷ್ಟೇ. ಇಂಥ ಗುಂಪಿನ ನೆತ್ತಿಯ ಮೇಲೆ ಅನುಮತಿಯಿಲ್ಲದ ಡ್ರೋನ್ ಹಾರಿದರೆ ಏನು ಮಾಡಬೇಕು ಎಂದು ಕೇಳಿದರೆ, ದಂಡ ಹೆಚ್ಚಿಸಬೇಕು ಎಂಬ ಉತ್ತರವೇ ಊರಲ್ಲಿ ಮೊದಲು ಬರುತ್ತದೆ. ಶಿರಸಿ ಸೀಮೆಯಲ್ಲಿ ಹುಟ್ಟಿ ಬೆಳೆದು, ಈಗ ಅಮೆರಿಕದ ಸಿಯಾಟಲ್‌ನಲ್ಲಿ ನೆಲೆಸಿರುವ ನನಗೆ ಎರಡೂ ಕಡೆಯ ರೀತಿಯನ್ನು ನೋಡಿದ ಮೇಲೆ ಅನಿಸಿರುವುದು ಬೇರೆ. ದಂಡ ವಿಧಿಸಲು ಕಾನೂನು ನಮ್ಮಲ್ಲಿ ಸಾಕಷ್ಟಿದೆ. ಆ ಕಾನೂನು ನ್ಯಾಯಾಲಯದಲ್ಲಿ ನಿಲ್ಲಲು ಬೇಕಾದ ಸಾಕ್ಷ್ಯವನ್ನು ನಾವು ಸ್ಥಳದಲ್ಲೇ, ನಮ್ಮ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ.

ನಾನಿರುವ ಊರಿನದೇ ಒಂದು ಪ್ರಕರಣ ಇದಕ್ಕೆ ಹತ್ತಿರದ ಉದಾಹರಣೆ. 2015ರ ಜೂನ್‌ನಲ್ಲಿ ಸಿಯಾಟಲ್‌ನ ಪ್ರೈಡ್ ಮೆರವಣಿಗೆಯ ವೇಳೆ ಸುಮಾರು ಎರಡು ಪೌಂಡ್ ತೂಕದ, ಅಂದರೆ ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಡ್ರೋನ್ ಒಂದು ಕಟ್ಟಡಕ್ಕೆ ಬಡಿದು ಕೆಳಗೆ ಬಿತ್ತು. ಅದು ತಲೆಗೆ ತಗುಲಿದ ಯುವತಿ ಪ್ರಜ್ಞೆ ತಪ್ಪಿದಳು. ಬಿದ್ದ ಯಂತ್ರ ಪೊಲೀಸರ ಕೈಯಲ್ಲಿತ್ತು, ನೋಡಿದವರು ಅನೇಕರಿದ್ದರು, ಹಾರಿಸಿದವನು ಕೆಲವು ದಿನಗಳಲ್ಲಿ ತಾನಾಗಿಯೇ ಠಾಣೆಗೆ ಹಾಜರಾದ. 2017ರಲ್ಲಿ ಜ್ಯೂರಿ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. 30 ದಿನಗಳ ಜೈಲುವಾಸ ಮತ್ತು 500 ಡಾಲರ್ ದಂಡದ ಶಿಕ್ಷೆಯಾಯಿತು. ಅವನ ಮೇಲೆ ಹೊರಿಸಿದ್ದು ಡ್ರೋನಿಗೆಂದೇ ಮಾಡಿದ ಯಾವುದೋ ವಿಶೇಷ ಕಾನೂನನ್ನಲ್ಲ. ಎಚ್ಚರಗೇಡಿತನದಿಂದ ಇತರರ ಜೀವಕ್ಕೆ ಅಪಾಯ ತಂದ ಎಂಬ, ಯಾರ ಮೇಲಾದರೂ ಹೊರಿಸಬಹುದಾದ ಸಾಮಾನ್ಯ ಅಪರಾಧವದು.

ಒಂದು ಕಿಲೋ ತೂಕವಿಲ್ಲದ ಯಂತ್ರದಿಂದ ಇಷ್ಟೆಲ್ಲ ಆದೀತೇ ಎಂದು ಕೇಳುವವರಿದ್ದಾರೆ. 40 ಮೀಟರ್ ಎತ್ತರದಿಂದ ಕಳಚಿ ಬೀಳುವ ವಸ್ತು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 100 ಕಿಲೋಮೀಟರ್ ವೇಗ ಪಡೆದಿರುತ್ತದೆ. ಗಾಳಿ ಆ ವೇಗವನ್ನು ಒಂದಿಷ್ಟು ತಗ್ಗಿಸುತ್ತದೆ ಎಂದುಕೊಂಡರೂ, ತೇರಿನ ಹಗ್ಗ ಹಿಡಿದವನಾಗಲಿ, ತಂದೆಯ ಹೆಗಲ ಮೇಲೆ ಕುಳಿತ ಮಗುವಾಗಲಿ ಅದನ್ನು ತಾಳಿಕೊಳ್ಳುವುದು ಸಾಧ್ಯವಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಿದ್ದ ನಂತರದ ಗಾಬರಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತದ್ದಕ್ಕೂ ಡ್ರೋನಿಗೂ ಸಂಬಂಧವಿಲ್ಲ, ನಿಜ. ಆದರೆ ಇಕ್ಕಟ್ಟಿನಲ್ಲಿ ನಿಂತ ಗುಂಪು ಒಮ್ಮೆ ಕದಲಿದರೆ ಏನಾಗುತ್ತದೆ ಎಂಬುದನ್ನು ಅಂದು ರಾಜ್ಯವೇ ಕಂಡಿದೆ.

ಈಗ ನಮ್ಮ ಕಾನೂನಿಗೆ ಬರೋಣ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ; ಕೆಂಪು ಎಂದರೆ ವಿಶೇಷ ಅನುಮತಿಯಿಲ್ಲದೆ ಹಾರಿಸಲೇಬಾರದ ಜಾಗ. ನಿಯಮ ಮೀರಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮು ಸಿಯಾಟಲ್‌ನಲ್ಲಿ ಬಳಸಿದ ಅಪರಾಧಕ್ಕೆ ಬಲು ಹತ್ತಿರದ್ದು: ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ ತಂದರೆ, ಯಾರಿಗೂ ಗಾಯವಾಗದಿದ್ದರೂ, 3 ತಿಂಗಳವರೆಗೆ ಸೆರೆವಾಸ ಇಲ್ಲವೇ 2,500 ರೂಪಾಯಿವರೆಗೆ ದಂಡ, ಗಾಯವಾದರೆ 6 ತಿಂಗಳು, ತೀವ್ರ ಗಾಯವಾದರೆ 3 ವರ್ಷ. ಸಾವೇ ಸಂಭವಿಸಿದರೆ 106ನೇ ಕಲಮಿನಡಿ 5 ವರ್ಷದವರೆಗೂ ಹೋಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಎಚ್ಚರಗೇಡಿತನದ ಆ ಅಪರಾಧಕ್ಕೆ ಗರಿಷ್ಠ ಶಿಕ್ಷೆ 364 ದಿನ. ಆ ಲೆಕ್ಕದಲ್ಲಿ ನಮ್ಮ 125ನೇ ಕಲಮಿನ ಮೊದಲ ಹಂತ ಮೃದುವೇ ಸರಿ, ಆದರೂ ಕೈಕಟ್ಟಿ ಕೂರಬೇಕಾದಷ್ಟು ಮೃದುವೇನೂ ಅಲ್ಲ.

ತೊಡಕು ಬೇರೆಡೆ ಇದೆ. ಸಂಬಂಧದಲ್ಲಿ ನನಗೆ ಭಾವಮೈದುನನಾಗಬೇಕಾದ, ಮದುವೆ ಮುಂಜಿಗಳ ಫೋಟೊ ತೆಗೆದು ಬದುಕುವ ಹುಡುಗನೊಬ್ಬ ಜಿಲ್ಲೆಯ ಒಂದು ರಥೋತ್ಸವದಲ್ಲಿ ಡ್ರೋನ್ ಹಾರಿಸಿದ್ದ. ಬಂದೋಬಸ್ತಿಗಿದ್ದವರು ಅವನನ್ನು ಹಿಡಿದರು, ಡ್ರೋನ್ ಕಸಿದುಕೊಂಡರು, ಬೈದು ಬುದ್ಧಿ ಹೇಳಿದರು, ತಮ್ಮೆದುರಿಗೇ ವಿಡಿಯೊ ಅಳಿಸುವಂತೆ ಹೇಳಿದರು, ಸಂಜೆ ಯಂತ್ರವನ್ನು ಮರಳಿಸಿ ಕಳುಹಿಸಿದರು. ಫೋನಿನಲ್ಲಿ ಅವನು ನನಗೆ ನಿರಾಳವಾಗಿ ಹೇಳಿದ್ದು ಇಷ್ಟೇ: ‘ಅಳಿಸಿಹಾಕಿದ್ದಿ ಭಾವ, ಇನ್ನೆಂತಾ ಕೇಸು?’ ಅವನ ಮೇಲೆ ಕೇಸು ಬೀಳಲಿಲ್ಲವಲ್ಲ ಎಂದು ಮನೆಯವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಅಂದು ಯಾರಿಗಾದರೂ ಗಾಯವಾಗಿದ್ದು, ಆ ಸಂಗತಿ ಮರುದಿನ ಬೆಳಕಿಗೆ ಬಂದಿದ್ದರೆ, ಏನು ನಡೆಯಿತೆಂದು ತೋರಿಸುವ ಮುಖ್ಯ ದಾಖಲೆಯನ್ನು ಅಳಿಸಲು ಹೇಳಿದವರು ಕಾನೂನು ಕಾಯುವವರೇ ಆಗಿರುತ್ತಿದ್ದರು. ಅವರ ಉದ್ದೇಶ ಒಳ್ಳೆಯದೇ. ಎಳೆ ಹುಡುಗನಿಗೆ ಕೋರ್ಟು ಕಚೇರಿಯ ಅಲೆದಾಟ ಬೇಡ ಎಂಬ ಕರುಣೆಯೂ ಅದರಲ್ಲಿದೆ. ಆದರೆ ಆ ಕರುಣೆಯ ಬೆಲೆಯನ್ನು ಗುಂಪಿನಲ್ಲಿ ನಿಂತವರು ತೆರಬೇಕಾಗುತ್ತದೆ, ಮತ್ತು ಮುಂದಿನ ಜಾತ್ರೆಯಲ್ಲಿ ಇನ್ನೊಬ್ಬ ಅದೇ ಧೈರ್ಯದಲ್ಲಿ ಹಾರಿಸುತ್ತಾನೆ.

ಡ್ರೋನಿನ ಸಾಕ್ಷ್ಯ ಒಂದೇ ಕಡೆ ಇರುವುದಿಲ್ಲ ಎಂಬುದನ್ನು ಬಂದೋಬಸ್ತಿನಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಚಿತ್ರ ಮೆಮೊರಿ ಕಾರ್ಡಿನಲ್ಲಿರುತ್ತದೆ. ಹಾರಾಟದ ಲಾಗ್ ಬಹುತೇಕ ಯಂತ್ರಗಳಲ್ಲಿ ರಿಮೋಟಿಗೆ ಸಿಕ್ಕಿಸಿದ ಫೋನಿನ ಆ್ಯಪ್‌ನಲ್ಲಿಯೂ, ಯಂತ್ರದ ಒಳಗಿನ ನೆನಪಿನಲ್ಲಿಯೂ ಪ್ರತ್ಯೇಕವಾಗಿ ದಾಖಲಾಗುತ್ತದೆ. ಎಲ್ಲಿಂದ ಏರಿತು, ಯಾವ ಕ್ಷಣದಲ್ಲಿ ಎಷ್ಟು ಎತ್ತರದಲ್ಲಿತ್ತು, ಬ್ಯಾಟರಿ ಎಷ್ಟು ಉಳಿದಿತ್ತು, ಆ್ಯಪ್ ಯಾವ ಎಚ್ಚರಿಕೆ ಕೊಟ್ಟಿತು, ಹಾರಿಸಿದವನು ಅದನ್ನು ಕಂಡೂ ಮುಂದುವರಿಸಿದನೇ ಎಂಬುದೆಲ್ಲ ಅಲ್ಲಿರುತ್ತದೆ. ವಿಡಿಯೊ ಅಳಿಸಿದರೆ ಈ ಲಾಗ್ ಅಳಿಯುವುದಿಲ್ಲ. ಅಳಿಸಿದ ವಿಡಿಯೊ ಕೂಡ ಅದರ ಮೇಲೆ ಹೊಸದು ಬರೆಯುವವರೆಗೆ ಕಾರ್ಡಿನಿಂದ ಮರಳಿ ಸಿಗುವ ಸಂಭವ ಇರುತ್ತದೆ. ಆದ್ದರಿಂದ ಡ್ರೋನ್ ಮಾತ್ರ ಹಿಡಿದು ಫೋನನ್ನು ಬಿಟ್ಟರೆ ಅರ್ಧ ಸಾಕ್ಷ್ಯವನ್ನು ಬಿಟ್ಟಂತೆ. ಹಿಡಿದ ಫೋನು ಜಾಲಕ್ಕೆ ಸಂಪರ್ಕದಲ್ಲಿದ್ದರೆ ದೂರದಿಂದಲೇ ಅದನ್ನು ಖಾಲಿ ಮಾಡಬಹುದು, ಹಾಗಾಗಿ ಮೊದಲು ಸಂಪರ್ಕ ತಪ್ಪಿಸಬೇಕು.

ಇದರಲ್ಲಿ ಎರಡು ಸೂಕ್ಷ್ಮಗಳನ್ನು ಒತ್ತಿ ಹೇಳಬೇಕೆನಿಸುತ್ತದೆ. ಲಾಗ್ ತೋರಿಸುವ ಎತ್ತರ ಸಾಮಾನ್ಯವಾಗಿ ಡ್ರೋನ್ ಏರಿದ ಜಾಗದಿಂದ ಲೆಕ್ಕ ಹಾಕಿದ್ದು, ಗುಂಪಿನ ತಲೆಯಿಂದಲ್ಲ. ಏರುತಗ್ಗುಗಳ ಊರಾದ ಶಿರಸಿಯಲ್ಲಿ ಒಂದು ಮಾಳಿಗೆಯ ಮೇಲಿನಿಂದ ಏರಿಸಿ ತಗ್ಗಿನ ಬೀದಿಯ ಮೇಲೆ ಹಾರಿಸಿದರೆ, ಲಾಗ್‌ನಲ್ಲಿ 20 ಮೀಟರ್ ಎಂದು ಬರೆದದ್ದು ಜನರ ಮೇಲೆ 30 ಮೀಟರ್ ಇದ್ದೀತು. ತಗ್ಗಿನಿಂದ ಏರಿಸಿ ದಿಬ್ಬದ ಮೇಲೆ ಒಯ್ದರೆ ಇದು ತಿರುವುಮುರುವಾಗುತ್ತದೆ. ಏರಿಸಿದ ಜಾಗವನ್ನು ಪಂಚನಾಮೆಯಲ್ಲಿ ಗುರುತಿಸದೆ ಹೋದರೆ ಆ ಅಂಕಿ ಯಾವ ಕಡೆಗೆ ಬೇಕಾದರೂ ವಾದಕ್ಕೆ ಒದಗುತ್ತದೆ. ಇನ್ನೊಂದು, ಹಲವು ದಾಖಲೆಗಳಲ್ಲಿ ಸಮಯ ಭಾರತೀಯ ಕಾಲಮಾನದಲ್ಲಿರುವುದಿಲ್ಲ, ಐದೂವರೆ ಗಂಟೆ ಹಿಂದಿರುತ್ತದೆ. ಬೆಳಿಗ್ಗೆ 9 ಗಂಟೆಯ ಹಾರಾಟ ನಸುಕಿನ 3:30 ಎಂದು ಕಾಣುತ್ತದೆ, ಅದನ್ನು ಮೊದಲೇ ವಿವರಿಸಿರದಿದ್ದರೆ ಆರೋಪಿಯ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾರಿಸಿದವನ ಹಿತಕ್ಕೂ ಇದು ಅಗತ್ಯ. ನೆಲದಿಂದ ಮೇಲೆ ನೋಡಿದವರು ಹೇಳುವ ಎತ್ತರದ ಅಂದಾಜು ನಂಬಲರ್ಹವಲ್ಲ; ತಾನು ಗುಂಪಿನ ಮೇಲೆ ಹೋಗಲಿಲ್ಲ, ಪಕ್ಕದ ಖಾಲಿ ಗದ್ದೆಯ ಮೇಲಷ್ಟೇ ಇದ್ದೆ ಎನ್ನುವವನನ್ನು ಆ ಲಾಗ್ ಒಂದೇ ಕಾಪಾಡೀತು.

ನ್ಯಾಯಾಲಯದ ಬಾಗಿಲಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಗುರುತಿನ ಸಂಖ್ಯೆಯನ್ನು, ನಮೂದಿಸಬೇಕು. ಒಂದಕ್ಷರ ಬದಲಾದರೂ ಹ್ಯಾಶ್ ಬದಲಾಗುವುದರಿಂದ, ದಾಖಲೆಯನ್ನು ಯಾರೂ ತಿದ್ದಿಲ್ಲ ಎಂಬುದಕ್ಕೆ ಅದು ಆಧಾರ. ಪ್ರತಿಗಳಿಗೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ತಂದಿಟ್ಟರೆ ಬೇಕಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯ ಕಾಲದಲ್ಲೇ, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಜಪ್ತಿಯ ಇಡೀ ಪ್ರಕ್ರಿಯೆಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆಂದು, ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ, ಅದಕ್ಕೆ ಪೊಲೀಸರ ಜೇಬಿನಲ್ಲಿರುವ ಮೊಬೈಲೇ ಸಾಕು.

ಬ್ರಿಟನ್ನಿನಲ್ಲಿ 2015ರಲ್ಲಿ ಫುಟ್‌ಬಾಲ್ ಮೈದಾನಗಳ ಮೇಲೆ ಡ್ರೋನ್ ಹಾರಿಸಿದವನೊಬ್ಬನಿಗೆ 1,800 ಪೌಂಡ್ ದಂಡ ಬಿತ್ತು. ಅವನು ತೆಗೆದ ಚಿತ್ರಗಳನ್ನು ಯೂಟ್ಯೂಬ್‌ಗೆ ತಾನೇ ಏರಿಸಿದ್ದ. ನಮ್ಮಲ್ಲೂ ತೇರು ಗದ್ದುಗೆ ಮುಟ್ಟುವುದರೊಳಗೆ ರೀಲ್ಸ್ ಬಂದಿರುತ್ತದೆ. ಆದರೆ ಜಾಲತಾಣಕ್ಕೆ ಏರಿಸುವಾಗ ಕಡತ ಸಂಕುಚಿತಗೊಂಡು, ಸ್ಥಳ ಸಮಯಗಳ ಮೂಲ ವಿವರ ಸಾಮಾನ್ಯವಾಗಿ ಉದುರಿಹೋಗುತ್ತದೆ. ರೀಲ್ಸ್ ತನಿಖೆಗೆ ಸುಳಿವು ಕೊಡುತ್ತದೆ, ಮೂಲ ಕಾರ್ಡಿನ ಜಾಗವನ್ನು ಅದು ತುಂಬಲಾರದು.

ಅಮೆರಿಕದ ರೀತಿಯಲ್ಲಿ ನಾವು ಗಮನಿಸಬೇಕಾದದ್ದು ಮುಖ್ಯವಾಗಿ ಪೂರ್ವಸಿದ್ಧತೆ. ಇಲ್ಲಿ 30,000ಕ್ಕೂ ಹೆಚ್ಚು ಆಸನಗಳಿರುವ ಕ್ರೀಡಾಂಗಣಗಳಲ್ಲಿ ದೊಡ್ಡ ಪಂದ್ಯ ನಡೆಯುವಾಗ, ಆರಂಭಕ್ಕೆ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆಯ ನಂತರದವರೆಗೆ, ಸುತ್ತಲಿನ 3 ನಾಟಿಕಲ್ ಮೈಲಿಯಲ್ಲಿ 3,000 ಅಡಿ ಎತ್ತರದವರೆಗೆ ಹಾರಾಟ ನಿಷಿದ್ಧ. ನೋಂದಾಯಿಸಬೇಕಾದ ಡ್ರೋನ್ ತನ್ನ ಗುರುತನ್ನೂ ನಿಯಂತ್ರಿಸುವವನು ನಿಂತ ಜಾಗವನ್ನೂ ಹಾರುತ್ತಲೇ ಪ್ರಸಾರ ಮಾಡುವ ರಿಮೋಟ್ ಐಡಿ ನಿಯಮವನ್ನು 2024ರ ಮಾರ್ಚ್‌ನಿಂದ ಕಟ್ಟುನಿಟ್ಟಾಗಿ ಜಾರಿ ಮಾಡಲಾಗುತ್ತಿದೆ. ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಪ್ರಸಾರವನ್ನು ಬೇಕೆಂದೇ ನಿಲ್ಲಿಸಿದವನನ್ನು ಹುಡುಕುವುದು ಇಲ್ಲಿಯೂ ಕಷ್ಟ. ನಮ್ಮಲ್ಲಿ ಇನ್ನೊಂದು ಗಂಟಿದೆ. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು, ಕೆಲವು ವಿನಾಯಿತಿಗಳ ಹೊರತು, ಕೇಂದ್ರ ನಿಷೇಧಿಸಿತು. ಹೇಗೋ ತರಿಸಿಕೊಂಡ, ನೋಂದಣಿ ಸಂಖ್ಯೆಯೇ ಇಲ್ಲದ ಯಂತ್ರ ಕೈಯಲ್ಲಿರುವವನು ಅನುಮತಿ ಕೇಳಲು ಠಾಣೆಗೆ ಬರುವುದಾದರೂ ಹೇಗೆ? ಅವನು ಕದ್ದು ಹಾರಿಸುತ್ತಾನೆ. ವಿಮೆಯ ಮಾತಂತೂ ದೂರವೇ ಉಳಿಯಿತು. 250 ಗ್ರಾಂ ಮೀರಿದ ಡ್ರೋನಿಗೆ ಮೂರನೆಯವರ ವಿಮೆ, ಅಂದರೆ ಇತರರಿಗಾಗುವ ಹಾನಿಯನ್ನು ಭರಿಸುವ ವಿಮೆ, ಇರಬೇಕೆಂಬುದು ನಿಯಮ, ಗಾಯಗೊಂಡವರಿಗೆ ಪರಿಹಾರ ಸಿಗುವ ದಾರಿಯೂ ಅದೇ.

ಕಾರವಾರದ ಸುತ್ತ ಎಚ್ಚರ ಹೆಚ್ಚು. ಕದಂಬ ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಅದೇ ತಾಲ್ಲೂಕಿನಲ್ಲಿವೆ. ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ದಾಳಿಯಾದ ಮರುತಿಂಗಳೇ, 2021ರ ಜುಲೈನಲ್ಲಿ, ನೌಕಾಪಡೆ ತನ್ನ ನೆಲೆಗಳ ಸುತ್ತ 3 ಕಿಲೋಮೀಟರ್‌ವರೆಗೆ ಅನುಮತಿಯಿಲ್ಲದ ಹಾರಾಟವನ್ನು ನಿಷೇಧಿಸಿತು. ಸೇನೆಯ ಆಸ್ತಿಗೆ ಕೊಡುವ ಈ ಗಮನ ಜಾತ್ರೆಗೆ ಬಂದ ಜನರಿಗೂ ಸಿಗಲಿ ಎಂಬುದು ನನ್ನ ಕೋರಿಕೆ.

ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಡ್ರೋನ್ ನಿಯಮಗಳ 24ನೇ ನಿಯಮದಡಿ ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಯವರು ಒಮ್ಮೆಗೆ 96 ಗಂಟೆಗಳವರೆಗೆ ಒಂದು ಪ್ರದೇಶವನ್ನು ತಾತ್ಕಾಲಿಕ ಕೆಂಪು ವಲಯವೆಂದು, ಡ್ರೋನ್‌ಗಳಿಗಾಗಿ ಸರ್ಕಾರ ನಡೆಸುವ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಘೋಷಿಸಬಹುದು. ಶಿರಸಿಯ ಜಾತ್ರೆ ಒಂಬತ್ತು ದಿನದ್ದಾದ್ದರಿಂದ ಮೂರು ಸಲ ಘೋಷಿಸಬೇಕಾಗುತ್ತದೆ. ಹಾಗೆ ಮಾಡಲಾಗದಿದ್ದರೆ ತೇರು ಹೊರಡುವ ದಿನಕ್ಕೂ ದೇವಿ ಗದ್ದುಗೆಯಿಂದ ಏಳುವ ದಿನಕ್ಕೂ ಮಾಡಿದರೂ ಸಾಕು. ಚಿತ್ರೀಕರಣಕ್ಕೆ ಅನುಮತಿ ಪಡೆದವರ ಯಂತ್ರದ ಸಂಖ್ಯೆ ಬಂದೋಬಸ್ತಿನ ಪ್ರತಿ ತಂಡದ ಬಳಿ ಇರಲಿ. ಇದರ ಜೊತೆಗೆ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ನಿಷೇಧಾಜ್ಞೆ ಹೊರಡಿಸಿದರೆ, ಅದನ್ನು ಮೀರಿದವನ ಮೇಲೆ ನ್ಯಾಯ ಸಂಹಿತೆಯ 223ನೇ ಕಲಮು ಅನ್ವಯಿಸುತ್ತದೆ. ಆದರೆ ಆಜ್ಞೆ ಹೊರಡಿಸಿದ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಇನ್ನೊಬ್ಬ ಅಧಿಕಾರಿ ಲಿಖಿತ ದೂರು ಕೊಡದ ಹೊರತು ನ್ಯಾಯಾಲಯ ಆ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 215ನೇ ಕಲಮು ಹೇಳುತ್ತದೆ, ಠಾಣೆಯ ಎಫ್‌ಐಆರ್ ಒಂದರಿಂದಲೇ ಅದು ಆಗುವುದಿಲ್ಲ. ಆದ್ದರಿಂದ ಆಜ್ಞೆಗೆ ಸಹಿ ಬೀಳುವ ದಿನವೇ ಆ ದೂರನ್ನು ಯಾರು ಬರೆಯಬೇಕು, ವಶಪಡಿಸಿಕೊಂಡ ಕಾರ್ಡು ಮತ್ತು ಫೋನುಗಳನ್ನು ಯಾರು ಮೊಹರು ಮಾಡಿ ಇಟ್ಟುಕೊಳ್ಳಬೇಕು ಎಂಬುದೂ ಅದೇ ಕಡತದಲ್ಲಿ ಹೆಸರು ಸಮೇತ ನಿಗದಿಯಾಗಬೇಕು.