ಮೂವತ್ತು ಪರ್ಸೆಂಟಿನ ಮೂರು ರೂಪಾಯಿ

ಫೆಬ್ರವರಿ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಸುದ್ದಿ. ಒಂದು, ಕಾಫಿ ಹೂ ಅರಳಿಸುವ ಹೂಮಳೆ: ನಾಪೋಕ್ಲಿನಲ್ಲಿ ಒಂದು ಇಂಚು ಇಪ್ಪತ್ತು ಸೆಂಟು (ನೂರು ಸೆಂಟಿಗೆ ಒಂದು ಇಂಚು), ಅಮ್ಮತ್ತಿಯಲ್ಲಿ ಬರೀ ನಲವತ್ತು ಸೆಂಟು, ಪಕ್ಕದ ತೋಟಕ್ಕೆ ಬಂದದ್ದು ನಮಗೆ ಬರಲಿಲ್ಲ. ಇನ್ನೊಂದು ಅದರ ಕೆಳಗೇ ಬೀಳುವ ಮೆಸೇಜು: "ಎಂಆರ್‌ಎಫ್ ಟೈರ್ ಕಂಪನಿ ಶೇಕಡಾ ಮೂವತ್ತು ಡಿವಿಡೆಂಡ್ ಕೊಡುತ್ತಂತೆ ಮಾರಾಯ! ಬ್ಯಾಂಕಿನವರು ಏಳು ಕೊಡೋಕೇ ಅಳ್ತಾರೆ." ತಕ್ಷಣ ಹತ್ತಾರು ಹೆಬ್ಬೆರಳು ಮೇಲೇಳುತ್ತವೆ. ನಲವತ್ತು ಸೆಂಟು ಮಳೆ ಅಂದರೆ "ಎಷ್ಟು ಗಂಟೆಗೆ, ಯಾವ ಬ್ಲಾಕಿನಲ್ಲಿ?" ಎಂದು ಅಡ್ಡಪ್ರಶ್ನೆ ಹಾಕುವ ಇದೇ ಜನ, ಮೂವತ್ತು ಪರ್ಸೆಂಟು ಯಾವುದರ ಮೇಲೆ ಎಂದು ಮಾತ್ರ ಕೇಳುವುದಿಲ್ಲ. ಸಿಟ್ಟು ಬರುವುದು ಇದಕ್ಕೇ.

ಡಿವಿಡೆಂಡ್ ಎಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭ. ಅದರ ಮೂವತ್ತು ಪರ್ಸೆಂಟು ಮುಖಬೆಲೆಯ, ಅಂದರೆ ಷೇರು ಪತ್ರದಲ್ಲಿ ನಮೂದಾದ ಬೆಲೆಯ ಮೇಲೆ, ಸ್ವಾಮಿ. ಪೇಟೆ ಬೆಲೆಯ ಮೇಲಲ್ಲ. ಎಂಆರ್‌ಎಫ್ ಷೇರಿನ ಮುಖಬೆಲೆ 10 ರೂಪಾಯಿ. ಪೇಟೆಯಲ್ಲಿ ಅದು 2023ರ ಜೂನ್‌ನಲ್ಲೇ ಲಕ್ಷ ದಾಟಿತ್ತು. ಹತ್ತರ ಮೂವತ್ತು ಪರ್ಸೆಂಟು ಎಂದರೆ ಮೂರು ರೂಪಾಯಿ. ಲಕ್ಷ ಹಾಕಿದವನಿಗೆ ಮೂರು ರೂಪಾಯಿ. ಜೀಪಿನ ಒಂದು ಟೈರಿಗೆ ಗಾಳಿ ಹೊಡೆಸಿಕೊಳ್ಳಬಹುದೇನೋ. 2023-24ರ ಇಡೀ ವರ್ಷಕ್ಕೆ ಅದು ಕೊಟ್ಟದ್ದು ಮೂರು, ಮತ್ತೆ ಮೂರು, ಕೊನೆಗೆ 194, ಒಟ್ಟು 200. ಪರ್ಸೆಂಟಿನಲ್ಲಿ ಹೇಳಿದರೆ ಎರಡು ಸಾವಿರ, ಕೇಳಿದವರ ಎದೆ ನಿಲ್ಲಬೇಕು. ಷೇರಿನ ಬೆಲೆ ಲಕ್ಷ ಎಂದಿಟ್ಟುಕೊಂಡು ಭಾಗಿಸಿದರೆ 0.2 ಪರ್ಸೆಂಟು. ತಪ್ಪು ಕಂಪನಿಯದ್ದಲ್ಲ. ಲಾಭದ ಬಹುಪಾಲನ್ನು ಇಟ್ಟುಕೊಂಡು ವ್ಯಾಪಾರ ಬೆಳೆಸುವ ಜಾತಿಯದು ಅದು. ಹಲಸಿನ ಮರದ ಕೆಳಗೆ ನಿಂತು ಕಿತ್ತಳೆ ಬಿದ್ದಿಲ್ಲ ಎಂದರೆ ಮರವೇನು ಮಾಡೀತು?

ಹೀಗೆ ನಿಲ್ಲುವ ಮಾವ ಒಬ್ಬರು ಪ್ರತಿ ಊರಿನಲ್ಲೂ ಇದ್ದಾರೆ. ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವಾಗ ಅವರನ್ನು ನೋಡಬೇಕು. ವ್ಯಾಪಾರಿ ಓಟಿ 26 ಅಂದರೆ ಮಾವ 28 ಅನ್ನುತ್ತಾರೆ. ಓಟಿ, ಅಂದರೆ ಔಟ್‌ಟರ್ನ್: 50 ಕೆಜಿ ಚೀಲದಲ್ಲಿ ಸಿಪ್ಪೆ ಹೋಗಿ ಉಳಿಯುವ ಬೇಳೆ ಎಷ್ಟು ಕೆಜಿ ಎಂಬ ಲೆಕ್ಕ. ಅದರ ಮೇಲೆ ಅರ್ಧ ದಿನ ಜಗಳ. ಮತ್ತೆ ಸ್ಯಾಂಪಲ್ ತೆಗೆ, ಮತ್ತೆ ತೂಗು, ಮಾಯ್ಶ್ಚರ್ ಮೀಟರ್ ಇನ್ನೊಮ್ಮೆ ಇಡು. ಅದೇ ಮಾವ ಷೇರು ಕೊಳ್ಳಲು ತಗೊಳ್ಳುವ ಸಮಯ, ಬೆಳಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆದ ಮೇಲೆ ಓಟಿಪಿ ಬರುವಷ್ಟು. ಅದೂ ರೆಕಾರ್ಡ್ ಡೇಟ್ ದಿನವೇ, ಅಂದರೆ ಡಿವಿಡೆಂಡ್ ಯಾರಿಗೆ ಎಂದು ಕಂಪನಿ ಷೇರುದಾರರ ಪಟ್ಟಿ ನೋಡುವ ದಿನವೇ! "ಇವತ್ತೇ ಲಾಸ್ಟ್ ಡೇಟ್" ಎಂದು ಅಂಗಳದ ಮೂಲೆಯ ಪಣತದ ಕಟ್ಟೆ ಹತ್ತಿ, ಸಿಗ್ನಲ್ ಇರುವ ಒಂದೇ ಜಾಗದಲ್ಲಿ ಒಂಟಿ ಕಾಲಲ್ಲಿ ನಿಂತು ಬಟನ್ ಒತ್ತುತ್ತಾರೆ. ಲಾಸ್ಟ್ ಡೇಟ್ ನಿನ್ನೆಗೇ ಮುಗಿದಿತ್ತು, ಮಾವ. 2023ರ ಜನವರಿಯಿಂದ ಇಲ್ಲಿ ಇವತ್ತು ಕೊಂಡ ಷೇರು ಖಾತೆಗೆ ಬರುವುದು ಮಾರನೇ ವಹಿವಾಟಿನ ದಿನ. ರೆಕಾರ್ಡ್ ಡೇಟ್ ಶುಕ್ರವಾರ ಇದ್ದರೆ ಗುರುವಾರವೇ ಕೊಂಡಿರಬೇಕು. ಗುರುವಾರ ರಜೆಯಾದರೆ ಬುಧವಾರ. ಇಷ್ಟು ಹೇಳಿದರೆ ಮಾವನ ಉತ್ತರ: "ಆದರೂ ನೋಡು, ಇವತ್ತು ಬೆಲೆ ಇಳಿದಿದೆ, ಲಾಭವೇ." ಎಂಟು ರೂಪಾಯಿ ಡಿವಿಡೆಂಡ್ ಬಿಟ್ಟುಹೋದ ಷೇರು ಅಂದು ಹೆಚ್ಚುಕಮ್ಮಿ ಎಂಟು ರೂಪಾಯಿ ಇಳಿದೇ ತೆರೆಯುತ್ತದೆ. ಹಾಲು ಕರೆದಾದ ಮೇಲೆ ಕೆಚ್ಚಲು ಸಣ್ಣದಾಯಿತು ಎಂದು ಹಸು ಅಗ್ಗವಾಯಿತೇ?

ಹಿಂದಿನ ದಿನ ಕೊಂಡು, ಡಿವಿಡೆಂಡ್ ಹೊಡೆದು, ಮಾರಿ ಬರುವ ಜಾಣರ ಕತೆಯೂ ಅಷ್ಟೇ. ಬಂದ ಎಂಟಕ್ಕೆ ಅವರವರ ಸ್ಲ್ಯಾಬಿನಂತೆ ತೆರಿಗೆ. ಮಾರಿದಾಗ ಆದ ಎಂಟರ ನಷ್ಟವನ್ನು ಡಿವಿಡೆಂಡಿನಿಂದ ಕಳೆಯುವಂತಿಲ್ಲ, ಬಂಡವಾಳ ಲಾಭದ ಎದುರಿಗೆ ಮಾತ್ರ. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ (2025ರ ಮಾರ್ಚ್‌ವರೆಗೆ 5,000 ಇತ್ತು) ಶೇ. 10 ತೆರಿಗೆ (ಟಿಡಿಎಸ್) ಮೊದಲೇ ಹಿಡಿದು ಕೊಡುತ್ತಾರೆ.

ನಿಜ ಹೇಳಬೇಕೆಂದರೆ ಚೆರಿಗೆ ಓಟಿ ನೋಡಬಲ್ಲವನಿಗೆ ಷೇರು ಆರಿಸುವ ಅರ್ಧ ವಿದ್ಯೆ ಬಂದಂತೆಯೇ. ಕಂಪನಿ ತೋರಿಸುವ ನಿವ್ವಳ ಲಾಭ ಚೀಲದ ತೂಕ. ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ ಕೈಗೆ ಬಂದ ಹಣ ಎಂದಿರುವುದು ಬೇಳೆ. ಐದು ವರ್ಷದ್ದನ್ನು ಕೂಡಿಸಿ ಎರಡನ್ನೂ ಪಕ್ಕಪಕ್ಕ ಇಡಿ. ಲಾಭ ನೂರು, ಕೈಗೆ ಬಂದದ್ದು ಐವತ್ತು ಎಂದರೆ ಉಳಿದದ್ದು ಯಾರದೋ ಬಾಕಿಯಲ್ಲೋ ಗೋದಾಮಿನ ಮಾಲಿನಲ್ಲೋ ಕೂತಿದೆ. (ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ತಕ್ಕಡಿ ಹಿಡಿಯಬೇಡಿ, ಅವುಗಳ ಮಾಲೇ ಹಣ.) ಬಂದ ಹಣದಲ್ಲಿ ಯಂತ್ರ, ಕಟ್ಟಡದ ಖರ್ಚು ಕಳೆದು ಉಳಿದದ್ದರೊಳಗೆ ಡಿವಿಡೆಂಡ್ ಇದ್ದರೆ ಸರಿ. ಸಾಲ ಎತ್ತಿಯೋ ಜಾಗ ಮಾರಿಯೋ ಕೊಡುತ್ತಿದ್ದರೆ ಅದು ಸಿಲ್ವರ್ ಓಕ್ ಕಡಿದು ಬಟವಾಡೆ ಮಾಡಿದ ಹಾಗೆ. ಮುಂದಿನ ವರ್ಷ ಕಡಿಯಲು ಮರ ಇರುವುದಿಲ್ಲ. ಆಪ್ ಮಾತ್ರ ಆ ಒಂದು ಸಲದ ಹಣವನ್ನೂ ಸೇರಿಸಿ "ಯೀಲ್ಡ್ 9" ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತದೆ. ಯೀಲ್ಡ್ ಅಂದರೆ ಡಿವಿಡೆಂಡು ಪೇಟೆ ಬೆಲೆಯ ಎಷ್ಟು ಪರ್ಸೆಂಟು ಎಂಬುದು. 200ರ ಷೇರು 8 ಕೊಡುತ್ತಿದ್ದಾಗ ಯೀಲ್ಡ್ ನಾಲ್ಕು. ಷೇರು ಬಿದ್ದು 100ಕ್ಕೆ ಬಂದರೆ ಎಂಟು. ಮಾವ ಹಿಗ್ಗುವುದು ಎಂಟಕ್ಕೆ, ಬಿದ್ದದ್ದು ಯಾಕೆ ಎಂಬುದಕ್ಕಲ್ಲ.

ಬೆಳೆಯುವ ಷೇರಿಗೆ ಲೆಕ್ಕ ಬೇರೆ. ಹತ್ತು ವರ್ಷದಲ್ಲಿ ಕಂಪನಿ ಷೇರಿಗೆ ನೂರು ರೂಪಾಯಿ ಲಾಭ ಹಂಚದೆ ಇಟ್ಟುಕೊಂಡಿತು, ಒಂದು ಷೇರಿನ ವರ್ಷದ ಗಳಿಕೆ 10ರಿಂದ 25ಕ್ಕೆ ಏರಿತು ಅನ್ನಿ. ಹಾಕಿದ ನೂರು ಗೊಬ್ಬರಕ್ಕೆ ಹದಿನೈದು ಹೆಚ್ಚುವರಿ ಫಸಲು, ಒಳ್ಳೆಯದೇ. 10 ಹೋಗಿ 13 ಆಗಿದ್ದರೆ ಆ ಗೊಬ್ಬರ ಮಳೆಗೆ ಕೊಚ್ಚಿಹೋಗಿದೆ, ಡಿವಿಡೆಂಡಾಗಿ ಕೊಟ್ಟಿದ್ದರೇ ಚೆನ್ನಾಗಿತ್ತು. ಇನ್ನೊಂದು ಮಾತು: ರೊಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿದಾಗ ನಮ್ಮವರು ಆ ದುಡ್ಡು ತಂದು ಕಾಫಿ ಕಂಪನಿಯ ಷೇರಿಗೇ ಸುರಿದರು. ಗೊತ್ತಿರುವ ವ್ಯಾಪಾರವಂತೆ. ಬೆಲೆ ಬಿದ್ದ ದಿನ ಕಣವೂ ಬಡವಾಗುತ್ತದೆ, ಷೇರಿನ ಡಿಮ್ಯಾಟ್ ಖಾತೆಯೂ ಬಡವಾಗುತ್ತದೆ.

ಆದರೂ ಹಳೇ ಟ್ರಂಕಿನಿಂದ ಹೊರಬರುವ ಷೇರು ಪತ್ರಗಳನ್ನು ಕಂಡರೆ ಬಾಯಿ ಕಟ್ಟುತ್ತದೆ. ಪೊಲ್ಲಿಬೆಟ್ಟದ ಟಾಟಾ ಕಾಫಿ 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್‌ನಲ್ಲಿ ಸೇರಿತು, ಹಳೆಯ ಹತ್ತು ಷೇರಿಗೆ ಹೊಸ ಕಂಪನಿಯ ಮೂರು. ಕಾಗದದ ಮೇಲಿನ ಹೆಸರು ಮಾತ್ರ ಹಾಗೇ ಉಳಿದಿದೆ, ಮಡಿಕೆಯಲ್ಲಿ ಕರಿಮೆಣಸಿನ ವಾಸನೆ, ಹಿಂದೆ ತೀರಿಹೋದವರ ಓರೆ ಸಹಿ. ಏಳು ವರ್ಷ ಸತತ ಡಿವಿಡೆಂಡ್ ಪಡೆಯದಿದ್ದರೆ ಹಣದ ಜೊತೆ ಷೇರೂ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ; ವಾಪಸು ತರಲು ಐಇಪಿಎಫ್-5 ಅರ್ಜಿ. ಅಲ್ಲಿ ಶುರು: ಮನೆತನದ ಹೆಸರು ಪತ್ರದಲ್ಲಿ ಮುಂದೆ, ಪಾನ್‌ನಲ್ಲಿ ಹಿಂದೆ, ಆಧಾರ್‌ನಲ್ಲಿ ಬರೀ ಒಂದು ಇನಿಶಿಯಲ್. ಊರಿಗೆಲ್ಲ ಒಬ್ಬರೇ ಆಗಿದ್ದವರು ಕಾಗದದಲ್ಲಿ ಮೂವರಾಗಿರುತ್ತಾರೆ.

ನವೆಂಬರಿನಲ್ಲಿ ರೆಕಾರ್ಡ್ ಡೇಟಿಗೆ ಕೊಂಡು ಮೂರು ರೂಪಾಯಿ ತಪ್ಪಿಸಿಕೊಂಡ ಮಾವನಿಗೆ ಈ ಸಲದ ಮೂರು ಮಾರ್ಚಿನಲ್ಲಿ ಬಂದೇ ಬಂತು. ಹೂಮಳೆಯ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬಂದಿರಲಿಲ್ಲ. ಬ್ಯಾಂಕಿನ ಮೆಸೇಜು ನೋಡಿದವರೇ ಮಳೆ ಪುಸ್ತಕ ತೆಗೆದು ತಾರೀಕಿನ ಎದುರಿಗೆ 3.00 ಎಂದು ಬರೆದಿಟ್ಟರು. ಸಂಜೆ ಅತ್ತೆ ಕನ್ನಡಕ ಏರಿಸಿ ಪುಸ್ತಕ ನೋಡಿದರು, ಆಮೇಲೆ ಒಣಗಿದ ಅಂಗಳ ನೋಡಿದರು.

"ಮೂರು ಇಂಚು ಯಾವಾಗ ಹೊಯ್ತು, ಇವರೇ?"