ಹವಾಲ್ದಾರರಿಗೆ ಟೀಮ್‌ವರ್ಕ್ ಬರುತ್ತಾ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಟೆಕ್ ಪಾರ್ಕಿಗೆ ಹೋದರೂ ಒಂದು ‘ವಾರ್ ರೂಮ್’ ಇರುತ್ತದೆ. ಹೊಸಬರಿಗೆ ‘ಬೂಟ್ ಕ್ಯಾಂಪ್’. ಸರ್ವರ್ ಹತ್ತು ನಿಮಿಷ ಮಲಗಿದರೆ ‘ಮಿಷನ್ ಕ್ರಿಟಿಕಲ್’. ಎಬ್ಬಿಸಿದವರು ‘ವಾರಿಯರ್’, ಅವರಿಗೊಂದು ಟೀ ಶರ್ಟು. ಸೇನೆಯ ಮಾತನ್ನೆಲ್ಲ ಹೀಗೆ ಕಡ ತಂದವರ ಮೇಜಿನ ಮೇಲೆ ಸೇನೆಯಿಂದ ನಿವೃತ್ತರಾಗಿ ಕೆಲಸ ಹುಡುಕುವ ನಿಜವಾದ ಹವಾಲ್ದಾರರೊಬ್ಬರ ಬಯೋಡೇಟಾ ಬಿದ್ದರೆ ಬರುವ ಮೊದಲ ಪ್ರಶ್ನೆ: ‘ನಿಮಗೆ ಟೀಮಲ್ಲಿ ಕೆಲಸ ಮಾಡಿ ಅಭ್ಯಾಸ ಇದೆಯಾ?’

ಬಂದವರು ಹಲಸೂರು ಕೆರೆ ಪಕ್ಕದ ಎಂಇಜಿಯವರು, ಅಂದರೆ ಸೇನೆಗೆ ಸೇತುವೆ ಕಟ್ಟುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಅಂತಿಟ್ಟುಕೊಳ್ಳಿ. ಬಿಡಿ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕಿಲೋ. ಹೊರುವವರು ಆರು ಜನ. ಒಬ್ಬ ಹೇಳದೆ ಕೇಳದೆ ಕೈಬಿಟ್ಟರೆ ಮಿಕ್ಕ ಐವರ ಕಾಲಿಗೆ ಗ್ಯಾರಂಟಿ ಇಲ್ಲ. ಅಂಥ ಪ್ಯಾನೆಲ್ ಜೋಡಿಸಿ ಎಂಇಜಿಯವರು ವಯನಾಡಿನ ಚೂರಲ್‌ಮಲದಲ್ಲಿ 190 ಅಡಿ ಸೇತುವೆ ಮುಗಿಸಿದ್ದು 2024ರ ಆಗಸ್ಟ್ 1ರ ಸಂಜೆ. ಗುಡ್ಡ ಕುಸಿದದ್ದು ಜುಲೈ 30ರ ನಸುಕಿನಲ್ಲಿ. ಇಂಥವರಿಗೆ ಎರಡನೇ ಪ್ರಶ್ನೆ: ‘ಡೆಡ್‌ಲೈನ್ ಪ್ರೆಶರ್ ತಡ್ಕೋತೀರಾ?’ ಆ ವಿದ್ಯೆಯಲ್ಲಿ 2017ರಲ್ಲಿ ಶುರುವಾಗಿ ವರ್ಷಗಟ್ಟಲೆ ಮುಗಿಯದೆ ನಿಂತ ಈಜಿಪುರ ಮೇಲ್ಸೇತುವೆಯ ಕಂಬಗಳನ್ನು ಮೀರಿಸುವವರು ಯಾರಿದ್ದಾರೆ ಬಿಡಿ.

ತಪ್ಪೆಲ್ಲ ಎಚ್‌ಆರ್‌ನವರದೇ ಅಲ್ಲ. ಬಯೋಡೇಟಾದಲ್ಲಿ ‘ಸಿಕ್ಯೂಎಂಎಚ್, ಎ ಕಂಪನಿ’ ಅಂತ ಬರೆದರೆ ‘ಪ್ರೈವೇಟ್ ಲಿಮಿಟೆಡ್ಡಾ?’ ಅಂತಲೇ ಕೇಳುತ್ತಾರೆ. ಅದು ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್, ಸೇನೆಯ ಒಂದು ತುಕಡಿಯ ಉಗ್ರಾಣ ನೋಡಿಕೊಳ್ಳುವವರು. ಬಿಡಿಸಿ ಬರೆಯಬೇಕು: ನೂರಕ್ಕೂ ಹೆಚ್ಚು ಜನರ ಬಟ್ಟೆಬರೆ, ಸಾಮಾನಿನ ಲೆಕ್ಕ, ಎಷ್ಟು ವರ್ಷ, ಎಷ್ಟು ತಪಾಸಣೆ, ಲೆಡ್ಜರಿಗೂ ಗೋದಾಮಿಗೂ ಎಷ್ಟು ವ್ಯತ್ಯಾಸ. ‘ಶಿಸ್ತು, ನಿಷ್ಠೆ, ದೇಶಸೇವೆ’ ಎಂದರೆ ಅರ್ಜಿ ಸೋಸುವ ಸಾಫ್ಟ್‌ವೇರ್ ಕಣ್ಣೆತ್ತಿಯೂ ನೋಡದು. ಅದು ಹುಡುಕುವುದು ‘ಇನ್‌ವೆಂಟರಿ’ಯನ್ನು. ಯಾವ ಗಡಿ, ಯಾವ ಕಾರ್ಯಾಚರಣೆ ಎಂಬ ವಿವರ ಹಾಕಬೇಡಿ. ಅದು ಹೊರಗೆ ಹೇಳುವ ಮಾತಲ್ಲ, ಕೇಳುವವರಿಗೆ ಬೇಕಾಗಿಯೂ ಇಲ್ಲ.

ಎಲ್ಲರೂ ಎಡವುವುದು ಸಂದರ್ಶನದಲ್ಲಿ, ಒಂದೇ ಒಂದು ಸರ್ವನಾಮಕ್ಕೆ.

‘ಸೇತುವೆ ಕಟ್ಟಿದ್ದು ಯಾರು?’

‘ನಾವು, ಮೇಡಂ.’

‘ಅದರಲ್ಲಿ ನೀವೇನು ಮಾಡಿದ್ರಿ?’

‘ನಮ್ಮ ಸೆಕ್ಷನ್ ಮಾಡ್ತು, ಮೇಡಂ.’

ಷರಾ: ‘ನಾಯಕತ್ವ ಕಾಣಲಿಲ್ಲ.’ ಮುಂದಿನ ಅಭ್ಯರ್ಥಿ, ನಾಲ್ವರು ಮಾಡಿದ ಸ್ಲೈಡುಗಳನ್ನು ‘ನಾನೇ ಲೀಡ್ ಮಾಡಿದೆ’ ಎಂದು ತೋರಿಸಿದವರು, ಆಯ್ಕೆಯಾದರು. ಸೈನ್ಯದಲ್ಲಿ ‘ನಾನು’ ಎನ್ನುವುದು ತಪ್ಪು ಒಪ್ಪಿಕೊಳ್ಳುವಾಗ. ಇಲ್ಲಿ ಅದು ಸಂಬಳ ಕೇಳುವಾಗ. ಹಾಗಾಗಿ ಮನೆಯಲ್ಲೇ ರೂಢಿ ಮಾಡಿಕೊಂಡು ಬನ್ನಿ: ಹತ್ತು ಜನ, ಹೊಣೆ ನನ್ನದು, ಮಳೆ, ರಾತ್ರಿ, ಕೆಲಸ ಹಂಚಿದ್ದು ಹೀಗೆ, ಯಾರಿಗೂ ಗಾಯವಿಲ್ಲ. ಎರಡು ನಿಮಿಷದಲ್ಲಿ ಮುಗಿಯಬೇಕು, ‘ಯೆಸ್ ಸರ್’ ಎರಡಕ್ಕಿಂತ ಹೆಚ್ಚು ಬೇಡ.

‘ಹೊಸಬರನ್ನು ಹೇಗೆ ಪಳಗಿಸ್ತೀರಿ?’ ಎಂಬುದು ಇನ್ನೊಂದು. ಎತ್ತರದ ಠಾಣೆಗೆ ಹೋಗುವ ಸಿಪಾಯಿಗೆ 9,000 ಅಡಿ ದಾಟಿದ ಮೇಲೆ ಆರು ದಿನ, 12,000 ದಾಟಿದ ಮೇಲೆ ನಾಲ್ಕು, 15,000ಕ್ಕೆ ಮತ್ತೆ ನಾಲ್ಕು ದಿನ ಹೊಂದಿಕೊಳ್ಳಲು ಬಿಡಲೇಬೇಕು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪ್ರಶ್ನೆ ಕೇಳಿದ ಆಫೀಸಿನ ಪದ್ಧತಿ: ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್, ಹನ್ನೊಂದಕ್ಕೆ ಕ್ಲೈಂಟ್ ಕಾಲ್.

ಕೊನೆಗೆ ಎಚ್‌ಆರ್‌ನವರು ಮರುಗಿದರು. ಹವಾಲ್ದಾರರಿಗೆ ಹೇಳಿ ಮಾಡಿಸಿದಂಥ ಹುದ್ದೆಯೊಂದು ಖಾಲಿ ಇತ್ತು: ಗೇಟಿನ ಬಳಿ, ಹನ್ನೆರಡು ತಾಸಿನ ಪಾಳಿ. ಬಂದವರ ಹೆಸರು ಬರೆದುಕೊಂಡು, ವಾರ್ ರೂಮ್ ಮೂರನೇ ಮಹಡಿಯಲ್ಲಿದೆ ಎಂದು ದಾರಿ ತೋರಿಸಬೇಕು.