ತಾತನ ವಾಚು

ಯುಗಾದಿಗೆ ಮುಂಚೆ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟದ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿದೆವು. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಎರಡು ತಗಡಿನ ಟ್ರಂಕು. ಒಂದರಲ್ಲಿ ಅಜ್ಜಿಯ ಸೀರೆಗಳು, ಇನ್ನೊಂದರಲ್ಲಿ ಫೋಟೊಗಳು. ಬಣ್ಣ ಹೊಡೆಯಲು ಬಂದಿದ್ದ ಇಬ್ಬರು ಅವತ್ತು ಮಧ್ಯಾಹ್ನದವರೆಗೂ ಜಗಲಿ ಮೇಲೆ ಸುಮ್ನೆ ಕೂತಿದ್ದರು. ಯಾಕಂದ್ರೆ ಮನೆಮಂದಿಯೆಲ್ಲ ನಡುಮನೆಯಲ್ಲಿ ಟ್ರಂಕಿನ ಸುತ್ತ ಕೂತುಬಿಟ್ಟಿದ್ದೆವು, ಎದ್ದರೆ ತಾನೇ ಗೋಡೆ ಖಾಲಿಯಾಗೋದು? ಅವರಿಗೂ ನಾಲ್ಕು ಫೋಟೊ ತೋರಿಸಿದೆವು. ಕೂಲಿ ಮಾತ್ರ ಪೂರ್ತಿ ಕೊಡಬೇಕಾಯಿತು.

ಮೊದಲು ಕೈಗೆ ಬಂದದ್ದು 1988ರಲ್ಲಿ ದೇವರಾಯನದುರ್ಗಕ್ಕೆ ಹೋಗಿದ್ದ ಫೋಟೊಗಳು. ಎಲ್ಲರೂ ಕೆಂಪಾಗಿದ್ದಾರೆ. ಬೆಟ್ಟ ಕೆಂಪು, ನರಸಿಂಹಸ್ವಾಮಿ ಗುಡಿಯ ಗೋಪುರ ಕೆಂಪು, ಮುತ್ತುಗದ ಎಲೆಯ ಮೇಲಿನ ಮೊಸರನ್ನ ಕೂಡ ಕೆಂಪು. ಕೆಳಗೆ ನಾಮದ ಚಿಲುಮೆಯಲ್ಲಿ, ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅನ್ನುವ ಜಾಗದಲ್ಲಿ, ಅಪ್ಪನ ಕಂಕುಳಲ್ಲಿ ಕೂತು ಅಳುತ್ತಿರುವ ನಾನು ಓಕುಳಿಯಲ್ಲಿ ಅದ್ದಿ ತೆಗೆದ ಹಾಗಿದ್ದೇನೆ. ಆ ಕಾಲದ ಕಲರ್ ಫೋಟೊ ಕಾಗದದಲ್ಲಿ ಮೂರು ಬಣ್ಣದ ಪದರಗಳಿರುತ್ತಿದ್ದವು. ಕತ್ತಲಲ್ಲಿ ಜೋಪಾನವಾಗಿ ಮುಚ್ಚಿಟ್ಟರೂ ಅದರಲ್ಲಿ ನೀಲಿ-ಹಸಿರಿನ ಪದರವೇ ಮೊದಲು ಮಾಸುತ್ತಾ ಬರುತ್ತದೆ. ಉಳಿಯೋದು ಕೆಂಪು, ಹಳದಿ. ಅದಕ್ಕಿಂತ ಇಪ್ಪತ್ತು ವರ್ಷ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಫೋಟೊಗಳು ಮಾತ್ರ ಗಟ್ಟಿಮುಟ್ಟಾಗಿವೆ. ಅವುಗಳಲ್ಲಿರುವುದು ಬಣ್ಣವಲ್ಲ, ಬೆಳ್ಳಿ, ಬೆಳ್ಳಿಯ ಸಣ್ಣ ಸಣ್ಣ ಕಣಗಳು ಅಂತ ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹಬ್ಬದ ಸಾಮಾನಿಗೆ ಅಂತ ಮಧುಗಿರಿಯಿಂದ ಬಂದಿದ್ದ ಅತ್ತೆ ಕನ್ನಡಕ ಏರಿಸಿಕೊಂಡು, “ಹಂಗಾದ್ರೆ ಇವನ್ನೆಲ್ಲ ಕರಗಿಸಿದ್ರೆ ಒಂದು ಜೊತೆ ಕಾಲುಂಗುರಕ್ಕಾಗುತ್ತೇನೋ?” ಅಂದರು.

ಆಗೆಲ್ಲ ಒಂದು ರೋಲಿಗೆ ಮೂವತ್ತಾರು ಫೋಟೊ. ಅದೃಷ್ಟವಿದ್ದರೆ ಮೂವತ್ತೇಳು. ಚಿಕ್ಕಪ್ಪನ ಸ್ನೇಹಿತರೊಬ್ಬರ ಕ್ಯಾಮೆರಾ ತಂದು, ರೋಲ್ ನಮ್ಮ ದುಡ್ಡಲ್ಲಿ ಹಾಕಿಸಿ, ಒಂದೊಂದು ಕ್ಲಿಕ್ಕಿಗೂ ಮನೆಯಲ್ಲಿ ಚರ್ಚೆ. ಊಟ ಮಾಡುವಾಗ ತೆಗೀಬೇಡ, ಬಾಯಿ ವಕ್ರ ಬರುತ್ತೆ. ನಾಯಿಗೆ ಯಾಕೋ ಫೋಟೊ, ದಂಡ. ಹೀಗೆ ಉಳಿಸಿ ಉಳಿಸಿ, ಕೊನೆಗೆ ಕ್ಯಾಮೆರಾ ವಾಪಸ್ ಕೊಡುವ ದಿನ ಬಂದಾಗ ರೋಲಿನಲ್ಲಿ ಇನ್ನೂ ಐದಾರು ಉಳಿದಿರುತ್ತಿದ್ದವು. ತೊಳೆಸಲು ಕೊಡಬೇಕಲ್ಲ, ಆಗ ಎದುರಿಗೆ ಕಂಡದ್ದಕ್ಕೆಲ್ಲ ಒಂದೊಂದು ಕ್ಲಿಕ್. ಇದಕ್ಕೆ ನಮ್ಮಲ್ಲಿ ‘ರೋಲ್ ಮುಗಿಸೋ ಫೋಟೊ’ ಅಂತಲೇ ಹೆಸರು.

ಈಗ ನೋಡಿದರೆ ಇಡೀ ಟ್ರಂಕಿನಲ್ಲಿ ನನಗೆ ಇಷ್ಟವಾದದ್ದು ಆ ರೋಲ್ ಮುಗಿಸೋ ಫೋಟೊಗಳೇ. ಮದುವೆಯಲ್ಲಿ ಸಾಲಾಗಿ ಉಸಿರು ಬಿಗಿಹಿಡಿದು ನಿಂತವರನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ, ಅವರು ಎಲ್ಲ ಮದುವೆಯಲ್ಲೂ ಹಾಗೇ ನಿಂತಿರುತ್ತಾರೆ. ಆದರೆ ಒಂದರಲ್ಲಿ ನಮ್ಮ ಹಳೇ ಮನೆಯ ಬಾಗಿಲಿದೆ. ಬಾಗಿಲಿಗೆ ಒರಗಿಸಿದ ಅಪ್ಪನ ಸೈಕಲ್ಲು. ಹ್ಯಾಂಡಲಿಗೆ ಸಿಕ್ಕಿಸಿದ ಬಟ್ಟೆಯ ಚೀಲ, ಚೀಲದಿಂದ ಹೊರಗೆ ಇಣುಕುತ್ತಿರುವ ನುಗ್ಗೇಕಾಯಿ. ಹೊಸಿಲ ಮೇಲೆ ಅರ್ಧ ಅಳಿಸಿದ ರಂಗೋಲಿ. ಒಂದು ಮೂಲೆಯಲ್ಲಿ ಯಾರದೋ ಕಾಲು, ಬೆಳ್ಳಿ ಗೆಜ್ಜೆಯದ್ದು. ಆ ಕಾಲು ಯಾರದ್ದು ಅಂತ ಅಮ್ಮನೂ ಅತ್ತೆಯೂ ಅರ್ಧ ಗಂಟೆ ಜಗಳವಾಡಿದರು. ಆ ಮನೆ ಈಗ ಇಲ್ಲ. ಅದರ ಫೋಟೊ ತೆಗೆಯಬೇಕು ಅಂತ ನಮಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮನೆಗೆ ಯಾರಾದರೂ ಫೋಟೊ ತೆಗೆಸುತ್ತಾರಾ?

ಟ್ರಂಕಿನ ತಳದಲ್ಲಿ, ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿಯೊಳಗೆ, ಎಲ್ಲರ ಪಾಸ್‌ಪೋರ್ಟ್ ಸೈಜ್ ಫೋಟೊಗಳಿದ್ದವು. ನನ್ನದು ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್ಟಿಗೆ ತೆಗೆಸಿದ್ದು. ಅದರಲ್ಲಿ ನಾನು ಕೋಟು ಹಾಕಿದ್ದೇನೆ, ಟೈ ಕಟ್ಟಿದ್ದೇನೆ. ನಮ್ಮ ವಂಶದಲ್ಲಿ ಯಾರಿಗೂ ಕೋಟಿರಲಿಲ್ಲ. ಸ್ಟುಡಿಯೊದವರು ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು ನೇತುಹಾಕಿದ್ದರು. ಕನ್ನಡಿಯ ಮುಂದೆ ಒಂದು ಪೌಡರ್ ಡಬ್ಬಿ, ಹಲ್ಲು ಮುರಿದ ಬಾಚಣಿಗೆ. ಆ ಕೋಟು ಎಲ್ಲರಿಗೂ ಸರಿಹೋಗುವಂಥದ್ದು, ಸಣಕಲರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕುತ್ತಿದ್ದರು. ನನಗೆ ಎರಡು ಕ್ಲಿಪ್ ಹಾಕಿದ್ದರು. ಕೆಳಗೆ ನಾನು ಸ್ಕೂಲಿನ ಖಾಕಿ ಪ್ಯಾಂಟಿನಲ್ಲಿದ್ದೆ. ಆ ವರ್ಷ ನಮ್ಮ ಕ್ಲಾಸಿನ ಅರ್ಧಕ್ಕರ್ಧ ಹುಡುಗರ ಹಾಲ್ ಟಿಕೆಟ್ಟಿನಲ್ಲಿ ಅದೇ ಕೋಟು. ಈ ಕೋಟಿನ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಜ್ಜಿಗೆ ಈ ಪಾಸ್‌ಪೋರ್ಟ್ ಸೈಜಿನ ಮೇಲೆ ಬಹಳ ಅನುಮಾನವಿತ್ತು. ವೋಟರ್ ಕಾರ್ಡಿಗೆ ತೆಗೆದ ತನ್ನ ಫೋಟೊ ನೋಡಿ, “ಯಾರಪ್ಪ ಇವ್ಳು ಕಳ್ಳಿ?” ಅಂದಿದ್ದಳು. ಆಮೇಲೆ ತಾನಾಗಿಯೇ ರೇಷ್ಮೆ ಸೀರೆ ಉಟ್ಟು ಸ್ಟುಡಿಯೊಗೆ ಹೋಗಿ, ದೊಡ್ಡ ಫೋಟೊ ತೆಗೆಸಿ, ಕಟ್ಟು ಹಾಕಿಸಿ ತಂದಿಟ್ಟಳು. “ಆಮೇಲೆ ನೀವು ಅವಸರದಲ್ಲಿ ಆ ವೋಟರ್ ಕಾರ್ಡಿಂದನ್ನೇ ದೊಡ್ಡದು ಮಾಡ್ಸಿ ಹಾರ ಹಾಕ್ಬಿಡ್ತೀರ, ನಂಗೊತ್ತು.” ಮುಂದೆ ಹನ್ನೊಂದು ವರ್ಷ ಆ ಫೋಟೊ ಬೀರುವಿನಲ್ಲಿ ಕಾಯುತ್ತಾ ಕೂತಿತ್ತು.

ಇನ್ನು ವಾಚಿನ ಮಾತು.

ತಾತ ಅಜ್ಜಿ ಇಬ್ಬರೇ ಇರುವ ಒಂದು ಫೋಟೊ ನಮ್ಮ ಮನೆಯಲ್ಲಿದೆ. ಹಿಂದೆ ಸ್ಟುಡಿಯೊದ ನೇರಳೆ ಬಣ್ಣದ ಸೀಲು, ಒಂದು ನಂಬರು, ಮಸಿಯಲ್ಲಿ 1966 ಅಂತ. ತಾತ ತುಮಕೂರಿನಲ್ಲಿ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಫೋಟೊದಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ, ಕೋಟು ಹಾಕಿದ್ದಾರೆ. ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ, ಕ್ಯಾಮೆರಾ ಮೇಲೆ ಸಿಟ್ಟು ಬಂದವಳ ಹಾಗೆ. ಹಿಂದೆ ಪರದೆಯ ಮೇಲೆ ಬರೆದ ಮೆಟ್ಟಿಲು, ಹೂಕುಂಡ. ತಾತನ ಎಡಗೈ ಕುರ್ಚಿಯ ತೋಳಿನ ಮೇಲಿದೆ. ಕೋಟಿನ ತೋಳನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮಣಿಕಟ್ಟನ್ನು ಹೊರಗೆ ತಿರುಗಿಸಿ ಇಟ್ಟಿದ್ದಾರೆ. ಅಲ್ಲಿ ವಾಚಿದೆ.

ಈ ವಾಚು ನಮ್ಮ ಮನೆತನದ ದೊಡ್ಡ ವ್ಯಾಜ್ಯ. ತಾತ ತೀರಿಕೊಂಡದ್ದು 1974ರಲ್ಲಿ. ತಿಥಿಯೆಲ್ಲ ಮುಗಿದ ಮೇಲೆ ಪೆಟ್ಟಿಗೆ ತೆಗೆದರೆ ವಾಚಿಲ್ಲ. ಪೆಟ್ಟಿಗೆಯ ಬೀಗದಕೈ ಇದ್ದದ್ದು ದೊಡ್ಡಪ್ಪನ ಉಡಿದಾರದಲ್ಲಿ. ಆಗ ಅವರಿಗೆ ಹದಿನೆಂಟು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಅರ್ಧ ಶತಮಾನ, ಯಾವ ಮದುವೆ, ಯಾವ ಗೃಹಪ್ರವೇಶದಲ್ಲಿ ಎಲೆಯಡಿಕೆ ತಟ್ಟೆ ಬಂದರೂ ಅದರ ಹಿಂದೆಯೇ ವಾಚಿನ ಮಾತೂ ಬರುತ್ತಿತ್ತು. ದೊಡ್ಡಪ್ಪ ಪ್ರತಿ ಸಲವೂ ಹೇಳುವುದು ಒಂದೇ ಮಾತು. “ನಾನು ಆ ವಾಚು ಕಣ್ಣಲ್ಲೂ ನೋಡಿಲ್ಲ ಕಣ್ರೋ.” ಯಾರೂ ನಂಬುತ್ತಿರಲಿಲ್ಲ. ಫೋಟೊದಲ್ಲಿ ಎದ್ದು ಕಾಣುತ್ತಿರುವ ವಾಚನ್ನು ನೋಡೇ ಇಲ್ಲ ಅಂದರೆ ಹೇಗೆ? ತಾತ ಅದನ್ನು ದಿನಾ ಕಟ್ಟುತ್ತಿರಲಿಲ್ಲ, ಸವೆಯುತ್ತೆ ಅಂತ ಪೆಟ್ಟಿಗೆಯಲ್ಲೇ ಇಡುತ್ತಿದ್ದರು ಅನ್ನುವುದು ಅಪ್ಪನ ವಾದ. ಅಜ್ಜಿಯನ್ನು ಕೇಳಿದರೆ ಹೌದು ಅನ್ನುತ್ತಿರಲಿಲ್ಲ, ಇಲ್ಲ ಅನ್ನುತ್ತಿರಲಿಲ್ಲ. “ಇತ್ತು ಕಣಪ್ಪ ಆವಾಗ” ಅಂತ ನಕ್ಕು ಒಳಗೆ ಹೋಗಿಬಿಡುತ್ತಿದ್ದಳು.

ಅಪ್ಪನ ಪ್ರಕಾರ ಅದು ಎಚ್‌ಎಂಟಿ. ಅಷ್ಟೇ ಅಲ್ಲ, ನಮ್ಮ ತುಮಕೂರು ಫ್ಯಾಕ್ಟರಿಯದ್ದೇ. ಇದು ಮಾತ್ರ ಸಾಧ್ಯವಿಲ್ಲ. ಎಚ್‌ಎಂಟಿಯವರು ಬೆಂಗಳೂರಿನಲ್ಲಿ ವಾಚು ಶುರುಮಾಡಿದ್ದೇ 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ. ನಮ್ಮೂರಿಗೆ ಫ್ಯಾಕ್ಟರಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಅಷ್ಟು ಹೊತ್ತಿಗೆ ತಾತ ಹೋಗಿ ವರ್ಷಗಳೇ ಆಗಿದ್ದವು. ಇದನ್ನು ಹೇಳಿದರೆ ಅಪ್ಪನಿಗೆ ಕೋಪ. ಆ ಫ್ಯಾಕ್ಟರಿ ಮುಚ್ಚಿ, ಜಾಗ ಇಸ್ರೊಗೆ ಹೋದ ಮೇಲಂತೂ ವಾಚು ಇನ್ನೂ ಅಮೂಲ್ಯವಾಯಿತು. “ಇವತ್ತು ಅದಿದ್ದಿದ್ರೆ ಏನ್ ಬೆಲೆ ಗೊತ್ತಾ?”

ಸರಿ, ಟ್ರಂಕು ತೆಗೆದ ದಿನ ನಾನು ಒಂದು ಕೆಲಸ ಮಾಡಿದೆ. ಮನೆಯವರ ವಾಟ್ಸಾಪ್ ಗ್ರೂಪಿಗೆ ಫೋಟೊಗಳನ್ನು ಒಂದೊಂದಾಗಿ ಹಾಕಿದೆ. ಎಂದೂ ಶುಭೋದಯದ ಗುಲಾಬಿ ಹೂವು ಬಿಟ್ಟು ಬೇರೇನೂ ಬಾರದ ಗ್ರೂಪು ಅದು. ಅವತ್ತು ಫೋನು ಬಿಸಿಯಾಯಿತು. ಕೆಂಪು ದೇವರಾಯನದುರ್ಗಕ್ಕೆ ನಲವತ್ತು ಮೆಸೇಜು. ಗೆಜ್ಜೆ ಕಾಲಿಗೆ ಮೂವರು ವಾರಸುದಾರರು. ಸಿದ್ಧಗಂಗೆ ಜಾತ್ರೆಯಲ್ಲಿ ಕೊಂಡಿದ್ದ ಜೋಡೆತ್ತಿನ ಫೋಟೊ ನೋಡಿ, ಅದರಲ್ಲಿ ಎಡಗಡೆಯದ್ದು ಹಾಯುತ್ತಿತ್ತು ಅಂತ ಒಬ್ಬರು, ಬಲಗಡೆಯದ್ದು ಅಂತ ಇನ್ನೊಬ್ಬರು. ರಾತ್ರಿ ಗುಬ್ಬಿಯಿಂದ ಅಜ್ಜಿಯ ತಮ್ಮನ ಮಗ ತಮ್ಮ ಮನೆಯ ಫೋಟೊಗಳನ್ನೂ ಹಾಕತೊಡಗಿದರು. “ನಮ್ಮಪ್ಪಂದೂ ಒಂದೈತೆ ನೋಡ್ರಿ, 1969ದು.”

ಅಪ್ಪನ ಸೋದರಮಾವ. ಕುರ್ಚಿ, ಮೆಟ್ಟಿಲಿನ ಪರದೆ, ಹೂಕುಂಡ. ಚೆನ್ನಾಗಿದೆ ಅಂತ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನನ್ನ ಮಗಳಿಗೆ ಹನ್ನೆರಡು ವರ್ಷ. ನನ್ನ ಫೋನು ಕಿತ್ತುಕೊಂಡು ಎರಡೂ ಫೋಟೊಗಳನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದವಳು, “ಅಪ್ಪಾ, ಇಬ್ರ ವಾಚಲ್ಲೂ ಒಂದೇ ಟೈಮ್ ಯಾಕೆ?” ಅಂದಳು.

ನೋಡಿದೆ. ಆಗಿನ ಸ್ಟುಡಿಯೊಗಳಲ್ಲಿ ಮೂರು ಕಾಲಿನ ಮೇಲೆ ನಿಂತ ದೊಡ್ಡ ಕ್ಯಾಮೆರಾ, ನೆಗೆಟಿವ್ವೂ ದೊಡ್ಡದು. ಹಿಗ್ಗಿಸಿದಷ್ಟೂ ಬಿಚ್ಚಿಕೊಳ್ಳುತ್ತದೆ. ತಾತನ ವಾಚಿನಲ್ಲಿ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಮೂರು ವರ್ಷ ಬಿಟ್ಟು ತೆಗೆದ ಗುಬ್ಬಿಯ ಅಜ್ಜನ ವಾಚಿನಲ್ಲೂ ನಾಲ್ಕು ಇಪ್ಪತ್ತು. ಬೆಲ್ಟಿನ ಎರಡನೇ ತೂತು ಇಬ್ಬರದ್ದೂ ಹರಿದಿದೆ. ಕೋಟು ನೋಡಿದೆ. ತಾತನ ಕೋಟಿನ ಮೂರನೇ ಗುಂಡಿ ಬೇರೆ ಬಣ್ಣದ್ದು. ಅಜ್ಜನದ್ದೂ ಹಾಗೇ. ಫೋಟೊದ ಹಿಂಭಾಗ ಕಳಿಸಿ ಅಂತ ಗುಬ್ಬಿಗೆ ಹೇಳಿದೆ. ಅದೇ ನೇರಳೆ ಸೀಲು.

ನನಗೆ ಬೆನ್ನಲ್ಲಿ ಎರಡು ಕ್ಲಿಪ್ಪು ಕಚ್ಚಿದ ಹಾಗಾಯಿತು.

ಎರಡು ಮಣಿಕಟ್ಟುಗಳನ್ನೂ ಪಕ್ಕಪಕ್ಕ ಇಟ್ಟು ಗ್ರೂಪಿಗೆ ಹಾಕಿದೆ. ಕೆಳಗೆ ಒಂದು ಸಾಲು ಬರೆದೆ: ವಾಚು ಸ್ಟುಡಿಯೊದವರದ್ದು ಅನ್ನಿಸುತ್ತೆ, ಓಡುತ್ತಲೂ ಇರಲಿಲ್ಲ. ಅಲ್ಲಿಗೆ ಗ್ರೂಪು ನಿಂತುಹೋಯಿತು. ಎಲ್ಲರೂ ನೋಡಿದ್ದಾರೆ, ಎರಡೆರಡು ನೀಲಿ ಗೀಟು ಬಿದ್ದಿದೆ, ಯಾರೂ ಉಸಿರೆತ್ತುತ್ತಿಲ್ಲ. ಅಪ್ಪ ಭೂತಗನ್ನಡಿ ತಂದು ಮೂಲ ಫೋಟೊವನ್ನೇ ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. “ನಾಲ್ಕು ಇಪ್ಪತ್ತೇ” ಅಂದರು. ಆಮೇಲೆ, “ಮಂಡಿ ಲೆಕ್ಕ ಬರೆಯೋರಿಗೆ ವಾಚ್ ಎಲ್ಲಿಂದ ಬರ್ಬೇಕು” ಅಂತ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು ಮಲಗಲು ಹೋದರು.

ತಿಪಟೂರಿನ ದೊಡ್ಡಪ್ಪ ಆ ರಾತ್ರಿ ಏನೂ ಬರೆಯಲಿಲ್ಲ. ಬೆಳಿಗ್ಗೆ ಐದೂವರೆಗೆ ಎಂದಿನ ಹಾಗೆ ಗುಲಾಬಿ ಹೂವು ಬಂತು, ಶುಭೋದಯ ಅಂತ. ಎಂದೂ ಒಂದೇ ಹೂವಿರುತ್ತಿತ್ತು. ಅವತ್ತು ಒಂದು ಬುಟ್ಟಿ.

ಅಪ್ಪ ಕಾಫಿ ಕುಡಿದು ಅವರಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಮಾತಾಡಿದರು. ಕೊಬ್ಬರಿ ರೇಟು, ತೋಟದ ಬೋರು, ಮಂಡಿನೋವಿನ ಎಣ್ಣೆ. ವಾಚಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಇಡುವ ಮುಂಚೆ ಅಪ್ಪ, “ಹಬ್ಬಕ್ಕೆ ಇಲ್ಲಿಗೇ ಬಂದ್ಬಿಡಣ್ಣ, ಮನೆಗೆ ಬಣ್ಣ ಹೊಡೆಸ್ತಿದೀವಿ” ಅಂದರು.

ಅತ್ತೆ ಮಧ್ಯಾಹ್ನ ಮಧುಗಿರಿ ಬಸ್ಸು ಹತ್ತಿದರು. ಬಸ್ಸಿನಿಂದಲೇ ಇರಬೇಕು, ಗ್ರೂಪಿಗೆ ಅವರ ದನಿ ಬಂತು. ಹಿಂದೆ ಕಂಡಕ್ಟರ್ ಸೀಟಿ ಕೇಳಿಸುತ್ತಿತ್ತು.

“ಅದೆಲ್ಲ ಇರ್ಲಿ ದೊಡ್ಡಣ್ಣ. ಆದ್ರೂ ಹಬ್ಬಕ್ಕೆ ಹೊರಡೋ ಮುಂಚೆ ನಿಮ್ಮನೆ ಬೀರು ಒಂದ್ಸಲ ನೋಡ್ಬಿಡು.”